ಲೇಟಾಯಿತೇ? ಸಮಜಾಯಿಷಿ ಬರೆಯುವ ಮುನ್ನ

ಬಯೋಮೆಟ್ರಿಕ್ ಯಂತ್ರದ ಮೇಲೆ ಬೆರಳಿಟ್ಟಾಗ 9.47 ಎಂದು ಮೂಡುತ್ತದೆ. ಕೆಲಸ ಶುರುವಾಗಬೇಕಿದ್ದದ್ದು 9.30ಕ್ಕೆ. ಬ್ಯಾಗ್ ಇಳಿಸುವಷ್ಟರಲ್ಲಿ ಮೊಬೈಲಿಗೆ ಮ್ಯಾನೇಜರ್ ಸಂದೇಶ: ‘ಇವತ್ತೂ ಲೇಟಾ? ಯಾಕೆ?’ ಹೆಚ್ಚಿನವರ ಉತ್ತರ ಒಂದೇ: ‘ಟ್ರಾಫಿಕ್ ಸರ್’. ಬೆಂಗಳೂರಿನಲ್ಲಿ ಅದು ಸುಳ್ಳಲ್ಲ. ಆದರೆ ಉತ್ತರವೂ ಅಲ್ಲ. ಮ್ಯಾನೇಜರೂ ಅದೇ ಟ್ರಾಫಿಕ್ಕಿನಲ್ಲಿ ಬಂದಿರುತ್ತಾರೆ.

ಕೇಳುವವರಿಗೆ ಬೇಕಿರುವುದು ಮೂರು ಮಾತು. ಎಷ್ಟು ತಡ, ಯಾಕೆ, ಅದರಿಂದ ನಿಂತ ಕೆಲಸ ಯಾವಾಗ ಮುಗಿಯುತ್ತದೆ. ‘ಹದಿನೇಳು ನಿಮಿಷ ತಡವಾಯಿತು ಸರ್. ಆರ್.ವಿ. ರೋಡ್ ನಿಲ್ದಾಣದಲ್ಲಿ ಹಳದಿ ಮಾರ್ಗದ ಮೆಟ್ರೊ ತಪ್ಪಿತು. ಹತ್ತು ಗಂಟೆಯ ರಿಪೋರ್ಟನ್ನು ಹತ್ತೂಕಾಲಿಗೆ ಕಳಿಸುತ್ತೇನೆ’ ಎಂದರೆ ಮಾತು ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ಕಾರಣ ಖಚಿತವಾಗಿದ್ದಷ್ಟೂ ನಂಬಿಕೆ ಹುಟ್ಟುತ್ತದೆ. 2025ರ ಆಗಸ್ಟ್ 10ರಂದು ಹಳದಿ ಮಾರ್ಗದ ಮೆಟ್ರೊ ಉದ್ಘಾಟನೆಯಾದಾಗ ಇದ್ದದ್ದು ಮೂರೇ ರೈಲು, 25 ನಿಮಿಷಕ್ಕೊಂದು. ಆಗ ಒಂದು ರೈಲು ತಪ್ಪಿದರೆ ಎಲೆಕ್ಟ್ರಾನಿಕ್ ಸಿಟಿಯ ಉದ್ಯೋಗಿಯ ಬೆಳಗ್ಗೆಯ ಲೆಕ್ಕವೆಲ್ಲ ತಲೆಕೆಳಗಾಗುತ್ತಿತ್ತು. ಹಾಗೆ ಬಿಡಿಸಿ ಹೇಳಿದರೆ ಎದುರಿನವರಿಗೂ ಅರ್ಥವಾಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ, ಅವರು ಕೇಳುವ ಮೊದಲೇ ತಿಳಿಸುವುದು. ತಡವಾಗುತ್ತದೆ ಎಂದು ಗೊತ್ತಾದ ಕೂಡಲೇ, ಶಿಫ್ಟ್ ಶುರುವಾಗುವ ಮುನ್ನವೇ ಸಂದೇಶ ಹೋಗಬೇಕು. ‘ಸ್ವಲ್ಪ ಲೇಟಾಗುತ್ತೆ’ ಎಂದು ಬರೆದು ಪ್ರಯೋಜನವಿಲ್ಲ, ಗಂಟೆ ನಮೂದಿಸಬೇಕು. ಹತ್ತು ಗಂಟೆ ಎಂದು ಹೇಳಿ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಬಂದರೆ ಯಾರೂ ಬೇಸರಪಡುವುದಿಲ್ಲ. ಸಂದೇಶ ಹೋದ ಸಮಯ ಫೋನಿನಲ್ಲಿ ಉಳಿಯುತ್ತದೆ. ಫೋನ್ ಕರೆಯಲ್ಲಿ ಆಡಿದ ಮಾತಿಗೆ ಆ ಗುಣವಿಲ್ಲ, ಹಾಗಾಗಿ ಕರೆ ಮಾಡಿದರೂ ಒಂದು ಸಾಲು ಬರೆದು ಹಾಕುವುದು ಒಳ್ಳೆಯದು.

ಎಲ್ಲ ತಡವೂ ಒಂದೇ ಬಗೆಯದಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆ ಮುಳುಗಿ, ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದ ದಿನಗಳಲ್ಲಿ ಯಾರೂ ವಿವರಣೆ ಕೊಡಬೇಕಿರಲಿಲ್ಲ, ಟಿವಿಯೇ ಕೊಟ್ಟಿತ್ತು. ಆದರೆ ಪ್ರತಿ ಸೋಮವಾರ ತಡವಾಗುತ್ತಿದ್ದರೆ ಅಲ್ಲೊಂದು ಕಾರಣ ನೆಲೆಯೂರಿದೆ ಎಂದರ್ಥ: ಊರಿಂದ ಬರುವ ಬಸ್ಸು, ಮಗುವಿನ ಶಾಲೆ, ವಯಸ್ಸಾದವರ ಡಯಾಲಿಸಿಸ್. ಅದಕ್ಕೆ ವಾರವಾರವೂ ಕ್ಷಮೆ ಕೇಳುವ ಬದಲು ಶಿಫ್ಟ್ ಅರ್ಧ ಗಂಟೆ ಹಿಂದೆಮುಂದೆ ಮಾಡಿಕೊಡಿ ಎಂದು ಒಮ್ಮೆ ಬರೆದು ಕೇಳುವುದು ಜಾಣತನ. ಆಸ್ಪತ್ರೆಯ ಸುಳ್ಳು ಕಥೆ ಮಾತ್ರ ಬೇಡವೇ ಬೇಡ. ತಡವಾದದ್ದನ್ನು ಮನ್ನಿಸುವ ಮ್ಯಾನೇಜರ್ ಕೂಡ ವೈದ್ಯರ ನಕಲಿ ಚೀಟಿಯನ್ನು ಮನ್ನಿಸುವುದಿಲ್ಲ.

ಕೈಗೆ ಮೆಮೊ ಬಂದಾಗ ವಿಷಯ ಬೇರೆಯೇ ಆಗುತ್ತದೆ. 2025ರ ನವೆಂಬರ್‌ವರೆಗೆ ಜಾರಿಯಲ್ಲಿದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ರೂಪಿಸಿದ ಮಾದರಿ ನಿಯಮಗಳಲ್ಲಿ ಆಗೊಮ್ಮೆ ಈಗೊಮ್ಮೆ ತಡವಾದರೆ ಸಂಬಳದಲ್ಲಿ ಕಡಿತ, ರೂಢಿಯಾಗಿ ತಡವಾದರೆ ಅದು ದುರ್ನಡತೆ ಎಂದಿತ್ತು. ಆ ರೂಢಿಯನ್ನು ಸಾಬೀತು ಮಾಡಲು ಮುಂದೆ ಬಳಕೆಯಾಗುವುದು ಇಂಥ ಮೆಮೊಗಳೇ. ಎಷ್ಟೋ ಮಂದಿ ‘ಹೋಗಲಿ ಬಿಡು’ ಎಂದು ಅದನ್ನು ಡ್ರಾಯರಿಗೆ ತುರುಕುತ್ತಾರೆ. ಉತ್ತರವಿಲ್ಲದ ಮೆಮೊ ಒಪ್ಪಿಕೊಂಡಂತೆಯೇ ಕಾಣುತ್ತದೆ. ಹಾಗಾಗಿ ಮೊದಲು ಮೆಮೊದ ದಿನಾಂಕಗಳನ್ನು ಹಾಜರಾತಿ ದಾಖಲೆಯ ಜೊತೆ ತಾಳೆ ನೋಡಬೇಕು. ಆಮೇಲೆ ಕೊಟ್ಟ ಗಡುವಿನೊಳಗೆ ಬರೆಯಬೇಕು, ಹೀಗೆ:

‘ದಿನಾಂಕ 6ರ ತಮ್ಮ ಮೆಮೊಗೆ ಸಮಜಾಯಿಷಿ. 2 ಮತ್ತು 3ರಂದು ನಾನು ಕ್ರಮವಾಗಿ 12 ಹಾಗೂ 17 ನಿಮಿಷ ತಡವಾಗಿ ಬಂದಿರುವುದು ನಿಜ. ಮಗುವಿನ ಶಾಲೆಯ ಸಮಯ ಬದಲಾದದ್ದು ಇದಕ್ಕೆ ಕಾರಣ. ಈಗ ಬೇರೆ ವ್ಯವಸ್ಥೆ ಮಾಡಿಕೊಂಡಿದ್ದೇನೆ. 4ರಂದು ಬೆಳಿಗ್ಗೆ ತಮ್ಮ ಸೂಚನೆಯಂತೆ ಬ್ಯಾಂಕಿಗೆ ಹೋಗಿದ್ದೆ, ಚಲನ್ ಪ್ರತಿ ಲಗತ್ತಿಸಿದೆ. 5ರಂದು ಕಂಪನಿ ಬಸ್ಸೇ 9.50ಕ್ಕೆ ಗೇಟಿಗೆ ಬಂದಿತು. ಸಾರಿಗೆ ವಿಭಾಗದ ದಾಖಲೆ ಪರಿಶೀಲಿಸಬೇಕಾಗಿ ಕೋರಿಕೆ.’

ಇಷ್ಟೇ ಸಾಕು. ನಿಜವಾದದ್ದನ್ನು ಒಪ್ಪಿ, ತಮ್ಮದಲ್ಲದ ಎರಡು ದಿನಗಳನ್ನು ಬೇರ್ಪಡಿಸಿದ್ದರಿಂದ ನಾಲ್ಕು ದಿನದ ಆರೋಪ ಎರಡಕ್ಕೆ ಇಳಿಯಿತು. ‘ಪಕ್ಕದ ಸೀಟಿನವರೂ ಲೇಟು’ ಎಂಬ ದೂರು ಇದರಲ್ಲಿಲ್ಲ. ‘ಇನ್ನು ಮುಂದೆ ಎಂದೆಂದೂ ತಡವಾಗುವುದಿಲ್ಲ’ ಎಂಬ ಭರವಸೆಯೂ ಇಲ್ಲ; ಅಂಥ ವಾಕ್ಯ ಮುಂದಿನ ಮೆಮೊದಲ್ಲಿ ಬರೆದವರ ಮೇಲೆಯೇ ತಿರುಗಿ ಬರುತ್ತದೆ. ಪತ್ರ ಕೊಟ್ಟಾಗ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ, ಸೀಲು, ದಿನಾಂಕ ಹಾಕಿಸಿಕೊಳ್ಳಲು ಮರೆಯಬಾರದು. ಎಚ್‌ಆರ್ ವಿಭಾಗ ಮೊದಲೇ ಟೈಪ್ ಮಾಡಿಟ್ಟ ತಪ್ಪೊಪ್ಪಿಗೆಗೆ ಓದದೆ ಸಹಿ ಹಾಕುವುದಂತೂ ಸಲ್ಲದು.

ಸರ್ಕಾರಿ ಕಚೇರಿಯವರಿಗೆ ಇಷ್ಟು ಒದ್ದಾಟವಿಲ್ಲ. ಬೆಳಿಗ್ಗೆಯೇ ಖಜಾನೆಗೋ ತಾಲ್ಲೂಕು ಕಚೇರಿಗೋ ಹೋಗುವುದಿದ್ದರೆ ಹಿಂದಿನ ಸಂಜೆಯೇ ಚಲನವಲನ ವಹಿಯಲ್ಲಿ ಬರೆದಿಟ್ಟರಾಯಿತು. ಕೇಂದ್ರ ಸರ್ಕಾರಿ ನೌಕರರಿಗೆ ತಡವಾದ ಪ್ರತಿ ದಿನಕ್ಕೆ ಅರ್ಧ ದಿನದ ಸಾಂದರ್ಭಿಕ ರಜೆ ಕಳೆಯುತ್ತದೆ. ಆದರೆ ಸಕಾರಣವಿದ್ದರೆ ತಿಂಗಳಿಗೆ ಎರಡು ಸಲ, ಒಂದು ಗಂಟೆವರೆಗಿನ ತಡವನ್ನು ಅಧಿಕಾರಿ ಮನ್ನಿಸಬಹುದು.

ಇನ್ನು ದುಡ್ಡಿನ ವಿಷಯ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯ ಪ್ರಕಾರ, ಗೈರಾದ ಹೊತ್ತಿಗೆ ಎಷ್ಟೋ ಅಷ್ಟನ್ನು ಮಾತ್ರ ಸಂಬಳದಲ್ಲಿ ಕಡಿಯಬಹುದು. ತಿಂಗಳಿಗೆ 26,000 ರೂಪಾಯಿ, 26 ದಿನ, ದಿನಕ್ಕೆ 8 ಗಂಟೆ ಎಂದು ಹಿಡಿದರೆ ಹದಿನೇಳು ನಿಮಿಷದ ಬೆಲೆ ಸುಮಾರು 35 ರೂಪಾಯಿ. ಅದಕ್ಕಾಗಿ ಅರ್ಧ ದಿನದ 500 ರೂಪಾಯಿ ಕಡಿದಿದ್ದರೆ ಕೇಳುವ ಹಕ್ಕು ನೌಕರರದು. ಸಂಬಳದ ಬದಲು ರಜೆಯ ಖಾತೆಯಲ್ಲಿ ಕಳೆದಿದ್ದರೆ ಮಾತ್ರ ಅದು ಸಂಸ್ಥೆಯ ರಜೆ ನಿಯಮದ ಪ್ರಶ್ನೆ. ದಂಡ ಎಂದು ಹೇಳಿ ವಸೂಲಿ ಮಾಡಬೇಕಾದರೆ ಯಾವ ತಪ್ಪಿಗೆ ದಂಡ ಎಂಬುದು ಸರ್ಕಾರದ ಒಪ್ಪಿಗೆ ಪಡೆದು ಮೊದಲೇ ಪ್ರಕಟವಾಗಿರಬೇಕು, ನೌಕರರ ಸಮಜಾಯಿಷಿ ಕೇಳಿರಬೇಕು, ಮೊತ್ತ ಆ ತಿಂಗಳ ವೇತನದ ಶೇ 3ನ್ನು ಮೀರಬಾರದು. 26,000ಕ್ಕೆ ಅದು 780 ರೂಪಾಯಿ. ಕಂತಿನಲ್ಲಿ ಹಿಡಿಯುವಂತಿಲ್ಲ, 90 ದಿನ ಕಳೆದ ಮೇಲೆ ವಸೂಲಿ ಮಾಡುವಂತೆಯೂ ಇಲ್ಲ.

ಲೆಕ್ಕ ತಾಳೆಯಾಗದಿದ್ದರೆ ಮೊದಲು ಎಚ್‌ಆರ್‌ಗೆ ಬರವಣಿಗೆಯಲ್ಲಿ ಕೇಳಬೇಕು. ಅಲ್ಲಿ ಸರಿಹೋಗದಿದ್ದರೆ ಆಯಾ ಪ್ರದೇಶದ ಕಾರ್ಮಿಕ ಅಧಿಕಾರಿ ಇದ್ದಾರೆ. ಇಲಾಖೆಯ ಮುಖ್ಯ ಕಚೇರಿ ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿದೆ. ಹೋಗುವಾಗ ವೇತನ ಚೀಟಿ, ಹಾಜರಾತಿಯ ಮುದ್ರಿತ ಪ್ರತಿ, ಸ್ವೀಕೃತಿ ಸಹಿಯಿರುವ ಸಮಜಾಯಿಷಿ ಕೈಯಲ್ಲಿರಲಿ.