ಶನಿವಾರದ ಒಂದು ಪೀರಿಯಡ್ ಕುಣಿತಕ್ಕಿರಲಿ

ಮಗಳೇ,

ಉಡುಪಿ ಜಿಲ್ಲೆಯ ಹಳ್ಳಿಶಾಲೆಗೆ ನಿನ್ನ ನೇಮಕವಾದದ್ದು ತಿಳಿದು ತುಂಬ ಸಂತೋಷವಾಯಿತು. ಸೇರಿದ ವರ್ಷವೇ ವಾರ್ಷಿಕೋತ್ಸವದ ಡ್ಯಾನ್ಸ್ ನಿನ್ನ ಪಾಲಿಗೆ ಬಂದಿದೆ. ಯಾವ ಹಾಡು ಹಾಕಲಿ, ಎಷ್ಟು ಮಕ್ಕಳನ್ನು ಆರಿಸಲಿ ಎಂದು ಕೇಳಿದ್ದೀಯ. ನಿನ್ನಂಥ ಹೊಸ ಟೀಚರುಗಳೆಲ್ಲ ಕೇಳುವ ಪ್ರಶ್ನೆ ಇದು. ಎಲ್ಲರೂ ಓದಲಿ ಎಂದು ಉತ್ತರವನ್ನು ಇಲ್ಲೇ ಬರೆಯುತ್ತಿದ್ದೇನೆ.

ಆರಿಸಬೇಡ. ಅದೇ ನನ್ನ ಮೊದಲ ಮಾತು. ಡಿಸೆಂಬರಿನಲ್ಲಿ ಎರಡು ವಾರ ಪಾಠ ನಿಲ್ಲಿಸಿ, ನೋಡಲು ಲಕ್ಷಣವಾಗಿರುವ ಏಳೆಂಟು ಮಕ್ಕಳನ್ನು ಮುಂದೆ ನಿಲ್ಲಿಸಿ, ಸಿನಿಮಾ ಹಾಡಿಗೆ ಕೈಕಾಲು ಆಡಿಸಲು ಹೇಳಿಕೊಟ್ಟು, ಬಾಡಿಗೆ ಡ್ರೆಸ್ಸಿಗೆ ತಂದೆತಾಯಿಯಿಂದ ದುಡ್ಡು ವಸೂಲು ಮಾಡುವುದು ನಮ್ಮ ಶಾಲೆಗಳಲ್ಲಿ ವಾಡಿಕೆಯಾಗಿಬಿಟ್ಟಿದೆ. ಉಳಿದ ಮಕ್ಕಳು ಬೆಂಚು ಹೊರುತ್ತಾರೆ, ತೋರಣ ಕಟ್ಟುತ್ತಾರೆ. ಆ ಬೆಂಚು ಹೊರುವ ಮಗುವಿಗೇ ಕುಣಿತ ಹೆಚ್ಚು ಬೇಕು. ಎಲ್ಲ ಮಕ್ಕಳಿಗೂ ಕನ್ನಡ, ಎಲ್ಲ ಮಕ್ಕಳಿಗೂ ಗಣಿತ ಎನ್ನುವ ನಾವು ಕುಣಿತವನ್ನು ಮಾತ್ರ ಚೆಂದ ಕಾಣುವವರಿಗೆ ಮೀಸಲಿಟ್ಟದ್ದು ಅನ್ಯಾಯ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯನ್ನು ಕಡ್ಡಾಯ ವಿಷಯವಾಗಿಸಬೇಕು ಎಂದಿತ್ತು. ನೃತ್ಯವೂ ಅದರಲ್ಲಿ ಸೇರಿತ್ತು.

ಹೊಸದೇನನ್ನೂ ಹುಡುಕಿಕೊಂಡು ನೀನು ದೂರ ಹೋಗಬೇಕಿಲ್ಲ. ನೀನಿರುವ ಊರಿನಲ್ಲಿ ಯಕ್ಷಗಾನವಿದೆ. ಉಡುಪಿಯ ಯಕ್ಷಗಾನ ಕೇಂದ್ರ 1971ರಿಂದ ಹೆಜ್ಜೆ ಕಲಿಸುತ್ತ ಬಂದಿದೆ. ಸಾಲಿಗ್ರಾಮದ ಮಕ್ಕಳ ಮೇಳ 1975ರಲ್ಲಿ ಹುಟ್ಟಿತು. ದೊಡ್ಡವರು ರಾತ್ರಿಯಿಡೀ ಆಡುವ ಆಟವನ್ನು ಮಕ್ಕಳೂ ಆಡಬಲ್ಲರು ಎಂದು ಕಾರ್ಕಡ ಶ್ರೀನಿವಾಸ ಉಡುಪರೂ ಎಚ್. ಶ್ರೀಧರ ಹಂದೆಯವರೂ ತೋರಿಸಿಕೊಟ್ಟರು. ಅದಕ್ಕೂ ಹಿಂದೆ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ನಾಟಕ, ಕುಣಿತದ ಪ್ರಯೋಗ ನಡೆಸಿದ್ದರು. ಅವರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಷ್ಟು ದೊಡ್ಡ ಆಸ್ತಿ ಶಾಲೆಯ ಕಾಂಪೌಂಡಿನ ಆಚೆಗೇ ಇರುವಾಗ ಸ್ಪೀಕರಿನಲ್ಲಿ ಹಾಡು ಹಾಕಿ ಮಕ್ಕಳನ್ನು ಕುಣಿಸುವುದು ನನಗೆ ಒಪ್ಪಿಗೆಯಿಲ್ಲ.

ತಾಳದಿಂದ ಶುರುಮಾಡು. ಗೆಜ್ಜೆ, ವೇಷ, ಬಣ್ಣ ಆಮೇಲೆ. ಮಕ್ಕಳನ್ನು ನೆಲದ ಮೇಲೆ ಕೂರಿಸಿ ಬಾಯಿತಾಳ ಹೇಳಿಸು, ಕೈಯಲ್ಲಿ ಹಾಕಿಸು. ಏಕತಾಳಕ್ಕೆ ನಾಲ್ಕು ಅಕ್ಷರ, ರೂಪಕಕ್ಕೆ ಆರು, ತ್ರಿವುಡೆಗೆ ಏಳು. ಅರ್ಧ ತರಗತಿ ನಾಲ್ಕರ ಎಣಿಕೆ ಹಿಡಿಯಲಿ, ಉಳಿದರ್ಧ ಏಳರದು. ಎರಡು ಗುಂಪೂ ಒಟ್ಟಿಗೆ ಹೊರಟರೆ ನಡುವೆ ಒಬ್ಬರ ಹಾದಿ ಒಬ್ಬರಿಗೆ ತಪ್ಪಿದಂತೆ ಕೇಳುತ್ತದೆ. ಇಪ್ಪತ್ತೆಂಟು ಅಕ್ಷರ ಮುಗಿದು ಇಬ್ಬರ ಮೊದಲ ಪೆಟ್ಟೂ ಒಟ್ಟಿಗೇ ಬಿದ್ದಾಗ ಮಕ್ಕಳ ಮುಖ ಅರಳುವುದನ್ನು ನೋಡು. ಅದೇ ಲ.ಸಾ.ಅ. ಕರಿಹಲಗೆಯ ಮೇಲೆ ಎಷ್ಟು ಸಲ ಬರೆದರೂ ತಲೆಗೆ ಹತ್ತದ್ದು ಅಂಗೈಗೆ ಹತ್ತುತ್ತದೆ.

ಹಾಗೆಂದು ಮುಖ್ಯೋಪಾಧ್ಯಾಯರ ಬಳಿ ಹೋಗಿ, ಕುಣಿದರೆ ಗಣಿತದಲ್ಲಿ ಅಂಕ ಹೆಚ್ಚುತ್ತದೆ ಎಂದು ವಾದ ಹೂಡಬೇಡ. ಅಂಕದ ಹೆಸರಿನಲ್ಲಿ ಒಳಗೆ ಬಂದದ್ದನ್ನು ಅಂಕದ ಹೆಸರಿನಲ್ಲೇ ಹೊರಗೆ ಹಾಕುತ್ತಾರೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಹತ್ತಿರ ಬಂದಾಗ ಮೊದಲು ಕಳಚುವುದೇ ಗೆಜ್ಜೆಯನ್ನು. ತನ್ನ ಮೈಯನ್ನು ತಾನು ಆಳುವುದು, ಪಕ್ಕದವನ ಹೆಜ್ಜೆಗೆ ಹೆಜ್ಜೆ ಕೂಡಿಸುವುದು, ನಾಲ್ಕು ಜನರ ಎದುರು ನೆಟ್ಟಗೆ ನಿಲ್ಲುವುದು ಇವೇ ಒಂದು ವಿದ್ಯೆ. ಇವನ್ನು ಕಲಿಸುವ ವಿಷಯ ವೇಳಾಪಟ್ಟಿಯಲ್ಲಿ ಬೇರೊಂದಿಲ್ಲ. ಹಾಗೆಂದೇ ವಾದಿಸು.

ಕುಣಿತವನ್ನು ಪಾಠವಾಗಿಸಿದವರು ಹಿಂದೆಯೂ ಇದ್ದರು. ರವೀಂದ್ರನಾಥ ಠಾಕೂರರು 1919ರಲ್ಲಿ ಸಿಲ್ಹೆಟ್ಟಿನಲ್ಲಿ ಮಣಿಪುರಿ ನೃತ್ಯ ಕಂಡು ಮಾರುಹೋದರು. ಆ ಕುಣಿತ ಬಲ್ಲ ಗುರುವನ್ನೇ ಶಾಂತಿನಿಕೇತನಕ್ಕೆ ಕರೆಸಿ ಮಕ್ಕಳಿಗೆ ಪಾಠಕ್ಕೆ ಹಚ್ಚಿದರು. ಮರ್ಯಾದಸ್ಥರ ಮನೆಯ ಹೆಣ್ಣುಮಕ್ಕಳು ರಂಗದ ಮೇಲೆ ಕುಣಿಯುವುದನ್ನು ಊಹಿಸಲೂ ಆಗದ ಕಾಲವದು. 1926ರಲ್ಲಿ ಅವರ ‘ನಟೀರ್ ಪೂಜಾ’ ನಾಟಕದಲ್ಲಿ ಚಿತ್ರಕಾರ ನಂದಲಾಲ್ ಬೋಸರ ಮಗಳು ಗೌರಿ ಕುಣಿದಳು. ನಮ್ಮ ಕರಾವಳಿಯಲ್ಲಿ ಗಂಡಸರದೇ ಆಗಿದ್ದ ಆಟದಲ್ಲಿ ಈಗ ಹೆಣ್ಣುಮಕ್ಕಳು ಅಭಿಮನ್ಯುವಾಗುತ್ತಿದ್ದಾರೆ, ರಕ್ಕಸನಾಗಿ ಆರ್ಭಟಿಸುತ್ತಿದ್ದಾರೆ. ತರಗತಿಯಲ್ಲಿ ಹಾಜರಿ ಕೂಗಿದರೂ ಕೇಳಿಸದಂತೆ ಉತ್ತರಿಸುವ ಹುಡುಗಿಗೆ ಬಣ್ಣದ ವೇಷ ಕೊಟ್ಟು ನೋಡು.

ಮಾತಿನ ಲಾಭ ಬೇರೆ ಇದೆ. ನಿನ್ನ ಮಕ್ಕಳಲ್ಲಿ ಕೆಲವರ ಮನೆಮಾತು ತುಳು, ಕೆಲವರದು ಕೊಂಕಣಿ, ಬ್ಯಾರಿ. ಯಕ್ಷಗಾನದ ಅರ್ಥಗಾರಿಕೆಯಲ್ಲಿ ಇಂಗ್ಲಿಷ್ ಶಬ್ದ ನುಸುಳುವಂತಿಲ್ಲ, ಬರೆದುಕೊಟ್ಟ ಸಂಭಾಷಣೆಯೂ ಇರುವುದಿಲ್ಲ. ಪದ್ಯದ ಭಾವ ಹಿಡಿದು ಅಲ್ಲೇ ಮಾತು ಕಟ್ಟಬೇಕು. ಹೀಗೆ ಕಲಿತ ಕನ್ನಡ ಜನ್ಮಕ್ಕೆ ಉಳಿಯುತ್ತದೆ.

ಗುರು ಯಾರು ಎಂಬ ಚಿಂತೆ ನಿನಗಿರಬಹುದು. ಊರಿನಲ್ಲಿ ಮೇಳದ ತಿರುಗಾಟ ಮುಗಿಸಿ ಮನೆಯಲ್ಲಿ ಕೂತ ಹಿರಿಯ ಕಲಾವಿದರು ಖಂಡಿತ ಸಿಗುತ್ತಾರೆ. ಡಿಗ್ರಿ ಇಲ್ಲದವರನ್ನು ತರಗತಿಗೆ ಹೇಗೆ ಕರೆಯಲಿ ಎಂದು ಅಳುಕಬೇಡ. ಮೈಸೂರು ವಿಶ್ವವಿದ್ಯಾಲಯ 1965ರಲ್ಲಿ ನೃತ್ಯ ವಿಭಾಗ ತೆರೆದಾಗ ಪಾಠ ಹೇಳಲು ಬಂದವರು ಕೆ. ವೆಂಕಟಲಕ್ಷಮ್ಮ. ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಬಳಿ ಕಲಿತು, ಅರಮನೆಯ ಆಸ್ಥಾನ ವಿದುಷಿಯಾದವರು ಅವರು. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದವರ ಮಕ್ಕಳು ನಿನ್ನ ಶಾಲೆಯಲ್ಲೂ ಇದ್ದಾರು. ಅವರ ತಾಯಂದಿರಲ್ಲಿ ಲಂಬಾಣಿ ಕುಣಿತ, ತಂದೆಯರಲ್ಲಿ ಡೊಳ್ಳಿನ ಹೆಜ್ಜೆ ಬಲ್ಲವರಿದ್ದರೆ ಅವರನ್ನೂ ಕರೆ. ಹಿಂದಿನ ಬೆಂಚಿನಲ್ಲಿ ಮುದುಡಿ ಕೂರುವ ಮಗು ತನ್ನ ಅಮ್ಮ ಇಡೀ ಶಾಲೆಗೆ ಪಾಠ ಹೇಳುವುದನ್ನು ನೋಡಲಿ. ಕರೆದವರಿಗೆಲ್ಲ ಗೌರವಧನ ಕೊಡಿಸುವುದು ಮರೆಯಬೇಡ. ಶಾಲಾಭಿವೃದ್ಧಿ ಸಮಿತಿಯವರನ್ನು ಗಟ್ಟಿಯಾಗಿ ಕೇಳು.

ಒಂದು ಎಚ್ಚರಿಕೆ. ಸಿಮೆಂಟಿನ ಜಗಲಿಯ ಮೇಲೆ ಮಕ್ಕಳಿಂದ ಮೊಣಕಾಲೂರಿ ಸುತ್ತುವ ಮಂಡಿ ಹಾಕಿಸಬೇಡ, ಮೊಣಕಾಲು ಹಾಳಾಗುತ್ತದೆ. ಮಣ್ಣಿನ ಅಂಗಳವೇ ಒಳ್ಳೆಯದು. ಮಳೆಗಾಲದಲ್ಲಿ ಒಳಗೆ ದಪ್ಪ ಜಮಖಾನ ಹಾಸಿ ಹೆಜ್ಜೆಯಷ್ಟೇ ಮಾಡಿಸು. ಕಾಲು ಊನವಿರುವ ಮಗುವಿದ್ದರೆ ತಾಳ ಅದರ ಕೈಯಲ್ಲಿರಲಿ, ಕುಣಿತವನ್ನು ನಡೆಸುವ ಅಧಿಕಾರ ಅದಕ್ಕೆ ಸಿಗಲಿ. ಪ್ರತಿಭಾ ಕಾರಂಜಿಗೆ ಕರೆದುಕೊಂಡು ಹೋಗು, ಆದರೆ ಬಹುಮಾನ ಬರಲಿಲ್ಲವೆಂದು ಅಭ್ಯಾಸ ನಿಲ್ಲಬಾರದು.

ವಾರ್ಷಿಕೋತ್ಸವಕ್ಕೆ ಈ ವರ್ಷ ಹೆಚ್ಚೇನೂ ಆಗಲಿಕ್ಕಿಲ್ಲ. ಇಡೀ ತರಗತಿ ಒಟ್ಟಿಗೆ ನಿಂತು ಐದು ನಿಮಿಷ ತಾಳ ಹಾಕಿ ಹೆಜ್ಜೆ ಇಟ್ಟರೂ ಸಾಕು, ಒಬ್ಬರನ್ನೂ ಬಿಡಬೇಡ. ನಾಳೆಯೇ ಮುಖ್ಯೋಪಾಧ್ಯಾಯರನ್ನು ಕಂಡು ಪ್ರತಿ ಶನಿವಾರದ ಒಂದು ಪೀರಿಯಡ್ ಕೇಳು. ಕೊಡದಿದ್ದರೆ ಮತ್ತೆ ಹೋಗಿ ಕೇಳು.

ನಿನ್ನ ಹಿತೈಷಿ,
ಒಬ್ಬ ನಿವೃತ್ತ ಮೇಷ್ಟ್ರು