ಹರಿಗೋಲು ಕೊಳ್ಳುವ ಮುಂಚೆ ಎತ್ತಿ ನೋಡಿ

ಒಂದೇ ಅಗಲದ ಎರಡು ಹರಿಗೋಲು ಮುಂದಿವೆ: ಒಂದು ಬಿದಿರಿನದು, ಇನ್ನೊಂದು ಫೈಬರಿನದು. ಯಾವುದು ಲೇಸು?

ನೀರಿಗಿಳಿಸುವ ಅವಸರ ಬೇಡ. ಮೊದಲು ಇಬ್ಬರು ಸೇರಿ ಎತ್ತಿ, ನಾಲ್ಕು ಹೆಜ್ಜೆ ನಡೆಯಿರಿ. 1953ರಲ್ಲಿ ನೀರು ನಿಲ್ಲಿಸಿದ ತುಂಗಭದ್ರಾ ಜಲಾಶಯದ ಹಿನ್ನೀರು ಮಳೆಗಾಲದಲ್ಲಿ ಹಗರಿಬೊಮ್ಮನಹಳ್ಳಿ, ಹಡಗಲಿ ಕಡೆಯ ಹೊಲದಂಚಿಗೆ ಬರುತ್ತದೆ; ಬೇಸಿಗೆಯಲ್ಲಿ ಬಹುದೂರ ಸರಿಯುತ್ತದೆ. ಆಗ ಕೆಸರು ತುಳಿದು ಹೊರುವವರು ನೀವೇ. ಒಣನೆಲದ ಊರಿನವರಂತೂ ಕೆರೆಯಿಂದ ಕೆರೆಗೆ ಟ್ರ್ಯಾಕ್ಟರಿನಲ್ಲೇ ಸಾಗಿಸಬೇಕು. ಅದಕ್ಕೇ ತೂಕ ಮೊದಲು, ಅಂದಚೆಂದ ಆಮೇಲೆ.

ಬಿದಿರಿನದನ್ನು ಬೋರಲು ಹಾಕಿ ಡಾಂಬರು ಬಿರುಕು ಬಿಟ್ಟಿದೆಯೇ ನೋಡಿ. ಅಂಚಿನ ಕಟ್ಟು ಸಡಿಲವಿದ್ದರೆ ಬೇಡವೇ ಬೇಡ. ಬಿದಿರಿನಲ್ಲಿ ಸಣ್ಣ ತೂತು, ಪುಡಿ ಕಂಡರೆ ಹುಳ ಹೊಕ್ಕಿದೆ ಎಂದೇ ಲೆಕ್ಕ. ಫೈಬರಿನದನ್ನು ಬೆರಳಿನಿಂದ ತಟ್ಟುತ್ತ ಹೋಗಿ. ಒಂದು ಕಡೆ ಪೊಳ್ಳು ಸದ್ದು ಬಂದರೆ ಒಳಪದರ ಬಿಟ್ಟಿರಬಹುದು. ಹೊಸ ಬಣ್ಣ ಬಳಿದಿದ್ದರೆ ಇನ್ನಷ್ಟು ಅನುಮಾನ ಪಡಿ.

ಹದಿನಾರನೆಯ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಚರ್ಮ ಹೊದಿಸಿದ ಇಂಥದೇ ದುಂಡು ದೋಣಿಗಳನ್ನು ಕಂಡು ಬರೆದಿದ್ದಾನೆ. ಚರ್ಮ ಹೋಗಿ ಪ್ಲಾಸ್ಟಿಕ್ಕು, ಡಾಂಬರು ಬಂತು, ಆಕಾರ ಬದಲಾಗಲಿಲ್ಲ.

ನನ್ನ ಮಾತು ಕೇಳುವುದಾದರೆ, ಊರಲ್ಲೇ ಹೆಣೆಯುವವರು ಇದ್ದರೆ ಬಿದಿರಿನದನ್ನೇ ಕೊಳ್ಳಿ: ಹರಿದರೆ ಮನೆಯಲ್ಲೇ ತೇಪೆ ಹಾಕಬಹುದು. ಇಲ್ಲದಿದ್ದರೆ ಫೈಬರು. ಉಳಿದ ದುಡ್ಡಿಗೆ ಲೈಫ್ ಜಾಕೆಟ್ ತನ್ನಿ, ಮಕ್ಕಳ ಅಳತೆಯದೂ ಸೇರಿ.