ಪಾಪವನ್ನು ಪಾಪವೆನ್ನೋಣ, ಬಾಗಿಲು ಮುಚ್ಚದಿರೋಣ

ಮತ್ತಾಯ 7ನೇ ಅಧ್ಯಾಯ, 1ರಿಂದ 5ನೇ ವಚನ ತೆಗೆಯಿರಿ. ಸಿಕ್ತಾ? ಸ್ತೋತ್ರ.

ತೀರ್ಪು ಮಾಡಬಾರದು ಅನ್ನೋ ಮೊದಲನೇ ವಚನ ಸಭೆಗೆ ಬರದವರಿಗೂ ಬಾಯಿಪಾಠ. ಆದರೆ ಕರ್ತನು ಅಲ್ಲಿಗೇ ನಿಲ್ಲಿಸಲಿಲ್ಲ. 5ನೇ ವಚನ ನೋಡಿ. ನಿನ್ನ ಕಣ್ಣಿನ ತೊಲೆ ಹೋದ ಮೇಲೆ ಸಹೋದರನ ಕಣ್ಣಿನ ರವೆ ತೆಗೆಯುವ ಕೆಲಸವೂ ಇದೆ. ರವೆ ಅಲ್ಲೇ ಇರಲಿ ಅಂತ ಯೇಸು ಹೇಳಲಿಲ್ಲ.

ನಮ್ಮ ಜಿಗಣಿಯ ಗ್ರಾನೈಟ್ ಘಟಕಗಳಲ್ಲಿ ದುಡಿಯೋರಿಗೆ ಇದು ಬೇಗ ಅರ್ಥ ಆಗುತ್ತೆ. ಕಣ್ಣಿಗೆ ಕಲ್ಲಿನ ಪುಡಿ ಬಿದ್ದಾಗ "ಏನೂ ಆಗಿಲ್ಲ ಬಿಡೋ" ಅನ್ನೋನು ಸ್ನೇಹಿತನಲ್ಲ. ದೂರ ನಿಂತು ಎಲ್ಲರಿಗೂ ತೋರಿಸೋನೂ ಅಲ್ಲ. ಹತ್ತಿರ ಬಂದು, ಮೆಲ್ಲಗೆ ರೆಪ್ಪೆ ಬಿಡಿಸಿ ನೋಡೋನು ಸ್ನೇಹಿತ.

ಈಗ ನೇರವಾಗಿ ಮಾತಾಡೋಣ. ಊರು ಬಿಟ್ಟು ಕೆಲಸಕ್ಕೆ ಬಂದ ಒಬ್ಬ ಹುಡುಗ, ಒಬ್ಬ ಹುಡುಗಿ ಮದುವೆಯಾಗದೆ ಒಂದೇ ಮನೆಯಲ್ಲಿದ್ದಾರೆ ಅಂತ ಇಟ್ಟುಕೊಳ್ಳಿ. ದೇವರ ವಾಕ್ಯ ಅದನ್ನು ಒಪ್ಪುವುದಿಲ್ಲ, ನಾವೂ ಒಪ್ಪಿದಂತೆ ನಟಿಸಬಾರದು. ಆದರೆ ಅವರ ಸುದ್ದಿ ವಾಟ್ಸಾಪ್ ಗ್ರೂಪಿನಲ್ಲಿ "ಪ್ರಾರ್ಥನಾ ವಿಷಯ" ಅಂತ ಓಡಾಡಿದರೆ, ಅದೂ ಪಾಪವೇ. ಚಾಡಿಗೆ ಪ್ರಾರ್ಥನೆಯ ಬಟ್ಟೆ ತೊಡಿಸಿದ್ದೇವೆ, ಅಷ್ಟೇ.

ಹಾಗಾದರೆ ಏನು ಮಾಡಬೇಕು? ಮತ್ತಾಯ 18:15ರ ಪ್ರಕಾರ ಮೊದಲು ಒಬ್ಬನೇ ಹೋಗಿ, ಅವನೊಬ್ಬನ ಹತ್ತಿರವೇ ಮಾತಾಡಬೇಕು. ಗಲಾತ್ಯ 6:1ರಲ್ಲಿ ಪೌಲನು ಬಿದ್ದವನನ್ನು ಸೌಮ್ಯತೆಯಿಂದ ಸರಿಪಡಿಸಲು ಹೇಳುತ್ತಾನೆ. ಅಲ್ಲಿರುವ ಗ್ರೀಕ್ ಪದವೇ ಮಾರ್ಕ 1:19ರಲ್ಲಿ ಬೆಸ್ತರು ಬಲೆ ಸರಿಮಾಡುವುದಕ್ಕೂ ಬಂದಿದೆ. ಹರಿದ ಬಲೆಯನ್ನು ಯಾರೂ ಬೈಯುತ್ತಾ ಕೂರಲ್ಲ, ಎಸೆಯೋದೂ ಇಲ್ಲ. ತೊಡೆಯ ಮೇಲೆ ಹಾಕಿಕೊಂಡು ಒಂದೊಂದೇ ಗಂಟು ಹಾಕ್ತಾರೆ. ಅದಕ್ಕೆ ಸಮಯ ಬೇಕು.

ಒಂದು ಎಚ್ಚರಿಕೆ. ಯಾರಿಗಾದರೂ ಹೊಡೆತ, ಶೋಷಣೆ ಆಗುತ್ತಿದ್ದರೆ ಅದನ್ನು ಮುಚ್ಚಿಡುವುದು ಕೃಪೆಯಲ್ಲ. ಮೊದಲು ನೊಂದವರನ್ನು ಕಾಪಾಡಬೇಕು, ಕಾನೂನಿನ ಸಹಾಯ ಪಡೆಯಬೇಕು.

ಕೊರಿಂಥ ಸಭೆಯನ್ನು ನೋಡಿ. ಮೊದಲನೇ ಪತ್ರಿಕೆಯ 5ನೇ ಅಧ್ಯಾಯದಲ್ಲಿ ಪೌಲನು ಪಾಪ ಮಾಡಿದವನ ವಿಷಯದಲ್ಲಿ ಬಹಳ ಕಠಿಣ. ಹೊರಗಿನವರ ತೀರ್ಪನ್ನೋ ದೇವರಿಗೇ ಬಿಡುತ್ತಾನೆ. ಎರಡನೇ ಪತ್ರಿಕೆಯ 2ನೇ ಅಧ್ಯಾಯಕ್ಕೆ ಬಂದರೆ, ಶಿಕ್ಷೆ ಹೊಂದಿದ ಒಬ್ಬನನ್ನು ಕ್ಷಮಿಸಿ ಸಂತೈಸಿರಿ, ದುಃಖದಲ್ಲಿ ಅವನು ಮುಳುಗಿಹೋಗಬಾರದು ಎಂದು ಬೇಡುತ್ತಾನೆ. ಶಿಸ್ತಿನ ಗುರಿ ಹೊರಹಾಕುವುದಲ್ಲ, ಮನೆಗೆ ತರುವುದು.

ನಮ್ಮ ಕರ್ನಾಟಕದಲ್ಲೇ ಒಂದು ಸಾಕ್ಷಿಯಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್‌ನ ಸಭೆಗಳಲ್ಲಿ ಶಿಸ್ತು ಕಟ್ಟುನಿಟ್ಟಾಗಿತ್ತು. ಆದರೆ ವಿಶ್ವಾಸಕ್ಕೆ ಬಂದು ಮನೆ, ಜಾತಿ, ದುಡಿಮೆ ಕಳೆದುಕೊಂಡವರಿಗೆ ಅವರು ಬರೀ ಉಪದೇಶ ಕೊಡಲಿಲ್ಲ. ನೇಯ್ಗೆ ಶುರುಮಾಡಿದರು, 1865ರಲ್ಲಿ ಹೆಂಚಿನ ಕಾರ್ಖಾನೆ ಕಟ್ಟಿದರು. ಬದಲಾಗು ಎಂದವರು ಬದುಕಲು ದಾರಿಯನ್ನೂ ಮಾಡಿಕೊಟ್ಟರು.

ನಾವು? ಆ ಇಬ್ಬರು ಬೇರೆಯಾಗಿರಲು ತೀರ್ಮಾನಿಸಿದರೆ, ಆ ಹುಡುಗಿಗೆ ಪಿಜಿ ಸಿಗೋವರೆಗೂ ಉಳಿಯಲು ಯಾವ ಸಹೋದರಿಯ ಮನೆಯಿದೆ? ಮದುವೆಯಾಗಲು ಮುಂದೆ ಬಂದರೆ ಹೆತ್ತವರ ಹತ್ತಿರ ಮಾತಾಡಲು ಯಾರು ಹೋಗ್ತೀರಿ? ಇದಕ್ಕೆ ಉತ್ತರವಿಲ್ಲದೆ ಬುದ್ಧಿ ಹೇಳಲು ಹೋಗಬೇಡಿ.

ಯೋಹಾನ 8ರಲ್ಲಿ ಯೇಸು ಆ ಸ್ತ್ರೀಗೆ ಶಿಕ್ಷೆ ವಿಧಿಸಲಿಲ್ಲ. ಇನ್ನು ಮುಂದೆ ಪಾಪ ಮಾಡಬೇಡ ಎನ್ನುವುದನ್ನೂ ಬಿಡಲಿಲ್ಲ. ಈ ವಾರ ನೀವು ಯಾರ ಬಗ್ಗೆ ಮಾತಾಡಿದ್ದೀರೋ, ಅವರ ಜೊತೆ ಕೂತು ಊಟ ಮಾಡಿ. ಮೊದಲು ಕೇಳಿಸಿಕೊಳ್ಳಿ. ಆಮೇಲೆ ಪ್ರೀತಿಯಿಂದ ಸತ್ಯ ಹೇಳಿ. ಕರ್ತನು ನಿಮ್ಮನ್ನು ಉಪಯೋಗಿಸಲಿ. ಆಮೆನ್.